ಮಧ್ಯಯುಗದ ಯೂರೋಪಿನ ದೇವಾಲಯಗಳು: ಕಟ್ಟಡದ ಅಂಗಗಳು, ಕಟ್ಟಿದವರ ಶ್ರದ್ಧೆ

ದೇವಾಲಯವೊಂದಕ್ಕೆ ನೂರು ವರ್ಷಗಳು ತುಂಬಿದಾಗ ಭಕ್ತಾದಿಗಳ ಹೃದಯದಲ್ಲಿ ಎರಡು ಭಾವನೆಗಳು ಒಟ್ಟೊಟ್ಟಿಗೆ ಮೂಡುವುದು ಸಹಜ. ಒಂದು, ನಮ್ಮನ್ನು ಇಲ್ಲಿಯವರೆಗೆ ನಡೆಸಿಕೊಂಡು ಬಂದ ಪ್ರಭುವಿಗೆ ಸಲ್ಲಬೇಕಾದ ಕೃತಜ್ಞತೆ. ಇನ್ನೊಂದು, ಹಿರಿಯರು ನಮ್ಮ ಕೈಗಿತ್ತು ಹೋದ ಕಟ್ಟಡವನ್ನು ಮುಂದೇನು ಮಾಡಬೇಕೆಂಬ ಚಿಂತೆ. ಮಾಡು ಸೋರುತ್ತದೆ, ಗೋಡೆಯಲ್ಲಿ ಬಿರುಕು ಕಾಣುತ್ತದೆ, ಹಬ್ಬದ ದಿನ ಜನರೆಲ್ಲರಿಗೂ ಒಳಗೆ ಸ್ಥಳ ಸಾಲುವುದಿಲ್ಲ. ಇದ್ದುದನ್ನು ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೇ, ಇಲ್ಲವೆ ಕೆಡವಿ ದೊಡ್ಡದೊಂದನ್ನು ಕಟ್ಟಬೇಕೇ? ನಾಡಿನ ಹಲವು ಧರ್ಮಕೇಂದ್ರಗಳಲ್ಲಿ ಇಂದು ಈ ಪ್ರಶ್ನೆ ಎದ್ದಿದೆ. ಇದಕ್ಕೆ ಅವಸರದ ಉತ್ತರ ಕೊಡುವ ಮುನ್ನ, ದೇವಾಲಯದ ಒಂದೊಂದು ಅಂಗವೂ ಹೇಗೆ ಹುಟ್ಟಿತು, ಯಾವ ಅಗತ್ಯಕ್ಕಾಗಿ ಹುಟ್ಟಿತು, ಅದಕ್ಕಾಗಿ ದುಡಿದವರು ಯಾರು ಎಂಬುದನ್ನು ಅರಿಯುವುದು ಲೇಸು. ಅದನ್ನರಿಯಲು ನಾವು ಮಧ್ಯಯುಗದ ಯೂರೋಪಿಗೆ, ಮುಖ್ಯವಾಗಿ ಫ್ರಾನ್ಸ್, ಇಂಗ್ಲೆಂಡ್, ಜರ್ಮನಿ ದೇಶಗಳಿಗೆ, ಹೋಗಬೇಕಾಗುತ್ತದೆ. ಏಕೆಂದರೆ ಇಂದು ನಾವು 'ಚರ್ಚು' ಎಂದೊಡನೆ ಕಣ್ಣಮುಂದೆ ತಂದುಕೊಳ್ಳುವ ರೂಪ ಪಕ್ವವಾದದ್ದು ಅಲ್ಲಿಯೇ.

ಮನೆಯಿಂದ ಸಭಾಂಗಣಕ್ಕೆ

ಆದಿ ಕ್ರೈಸ್ತರಿಗೆ ಪ್ರತ್ಯೇಕ ದೇವಾಲಯಗಳಿರಲಿಲ್ಲ. ವಿಶ್ವಾಸಿಗಳ ಮನೆಗಳಲ್ಲಿಯೇ ಅವರು ಕೂಡಿ ರೊಟ್ಟಿ ಮುರಿಯುತ್ತಿದ್ದರು. ಯೂಫ್ರೆಟಿಸ್ ನದಿಯ ದಡದ ದೂರಾ ಯೂರೋಪೋಸ್ ಎಂಬಲ್ಲಿ ಮೂರನೆಯ ಶತಮಾನದ ಅಂಥದೊಂದು ಮನೆ ಉತ್ಖನನದಲ್ಲಿ ದೊರೆತಿದೆ. ಸಾಮಾನ್ಯ ವಾಸದ ಮನೆಯೊಂದರಲ್ಲಿ ಗೋಡೆ ತೆಗೆದು ಸಭೆಗೆ ದೊಡ್ಡ ಕೊಠಡಿಯನ್ನು ಮಾಡಿಕೊಂಡಿದ್ದಾರೆ; ಇನ್ನೊಂದು ಕೊಠಡಿಯಲ್ಲಿ ಜ್ಞಾನಸ್ನಾನದ ತೊಟ್ಟಿ, ಅದರ ಸುತ್ತ ಒಳ್ಳೆಯ ಕುರಿಗಾಹಿಯೇ ಮೊದಲಾದ ಚಿತ್ರಗಳು.

ಕ್ರಿ.ಶ. 313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದಲ್ಲಿ ಕ್ರೈಸ್ತರಿಗೆ ಆರಾಧನೆಯ ಸ್ವಾತಂತ್ರ್ಯ ದೊರೆಯಿತು. ಆಗ ಬಹಿರಂಗವಾಗಿ ದೇವಾಲಯ ಕಟ್ಟುವ ಪ್ರಸಂಗ ಬಂದಿತು. ಕ್ರೈಸ್ತರು ಇದಕ್ಕೆ ರೋಮನರ ಗುಡಿಗಳನ್ನು ಮಾದರಿಯಾಗಿ ತೆಗೆದುಕೊಳ್ಳಲಿಲ್ಲ. ರೋಮನರ ಗುಡಿಯ ಒಳಭಾಗ ದೇವತಾಮೂರ್ತಿಗೆ ಮೀಸಲು. ಬಲಿಯೂ ಜನಸಂದಣಿಯೂ ಹೊರಗೆ. ಕ್ರೈಸ್ತರ ಆರಾಧನೆಯಾದರೋ ಇಡೀ ಸಭೆ ಒಳಗೆ ಕೂಡಿ ವಾಕ್ಯವನ್ನು ಕೇಳಿ ಒಂದೇ ಮೇಜಿನಿಂದ ಉಣ್ಣುವಂಥದು. ಆದುದರಿಂದ ಅವರು ಆರಿಸಿಕೊಂಡದ್ದು ನ್ಯಾಯವಿಚಾರಣೆಗೂ ವ್ಯಾಪಾರಕ್ಕೂ ಬಳಕೆಯಾಗುತ್ತಿದ್ದ 'ಬೆಸಿಲಿಕಾ' ಎಂಬ ಉದ್ದನೆಯ ಸಭಾಂಗಣವನ್ನು. ನಡುವೆ ಎತ್ತರವಾದ ಅಂಕಣ, ಎರಡು ಪಕ್ಕಗಳಲ್ಲಿ ಕಂಬಸಾಲುಗಳ ಆಚೆ ತಗ್ಗಾದ ಪಕ್ಕಸಾಲೆಗಳು, ಕೊನೆಯಲ್ಲಿ ಅರ್ಧವೃತ್ತದ ಬಾಗುಗೋಡೆ. ನ್ಯಾಯಾಧೀಶನು ಕುಳಿತುಕೊಳ್ಳುತ್ತಿದ್ದ ಆ ಸ್ಥಳದಲ್ಲಿ ಈಗ ಧರ್ಮಾಧ್ಯಕ್ಷರ ಪೀಠ ಬಂದಿತು; ಅದರ ಮುಂದೆ ಬಲಿಪೀಠ ಬಂದಿತು. ರೋಮ್ ನಗರದಲ್ಲಿ ಐದನೆಯ ಶತಮಾನದ ಸಂತ ಸಬೀನಾ ದೇವಾಲಯ ಇಂದಿಗೂ ಈ ಮೊದಲ ರೂಪವನ್ನು ತೋರಿಸುತ್ತ ನಿಂತಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕ್ರೈಸ್ತ ದೇವಾಲಯದ ಮೂಲರೂಪವನ್ನು ನಿರ್ಧರಿಸಿದ್ದು ಅಲಂಕಾರವಲ್ಲ, ಕೂಡಿದ ಜನ. ಮುಂದೆ ಬಂದ ಕಮಾನುಗಳು, ಗೋಪುರಗಳು, ವರ್ಣಗಾಜುಗಳೆಲ್ಲವೂ ಈ ಮೂಲದ ಮೇಲೆ ಬೆಳೆದವು.

ಶಿಲುಬೆಯ ತಳವಿನ್ಯಾಸ

ಮಧ್ಯಯುಗ ಬೆಳೆದಂತೆ ಈ ಉದ್ದನೆಯ ಸಭಾಂಗಣಕ್ಕೆ ಅಡ್ಡವಾಗಿ ಇನ್ನೊಂದು ಸಾಲೆ ಸೇರಿತು. ಮೇಲಿನಿಂದ ನೋಡಿದರೆ ಕಟ್ಟಡ ಶಿಲುಬೆಯ ಆಕಾರದಲ್ಲಿ ಕಾಣುವಂತಾಯಿತು. ಭಕ್ತಾದಿಗಳು ನಿಲ್ಲುವ ನಡುವಣ ಅಂಕಣಕ್ಕೆ ಯೂರೋಪಿನ ಭಾಷೆಗಳಲ್ಲಿ ಬಳಕೆಯಾಗುವ ಹೆಸರು ಹಡಗು ಎಂಬ ಅರ್ಥದ ಲತೀನ್ ಪದದಿಂದ ಬಂದುದು. ಲೋಕವೆಂಬ ಕಡಲನ್ನು ದಾಟಿಸುವ ನಾವೆಯೇ ಧರ್ಮಸಭೆ ಎಂಬ ಪ್ರಾಚೀನ ಭಾವನೆ ಈ ಹೆಸರಿಗೆ ಚೆನ್ನಾಗಿ ಒಪ್ಪುತ್ತದೆ.

ಬಲಿಪೀಠ ಸಾಧಾರಣವಾಗಿ ಪೂರ್ವದಿಕ್ಕಿನಲ್ಲಿರುತ್ತಿತ್ತು, ಮುಖ್ಯದ್ವಾರ ಪಶ್ಚಿಮದಲ್ಲಿ. ಉದಯಸೂರ್ಯನು ಪುನರುತ್ಥಾನ ಹೊಂದಿದ ಕ್ರಿಸ್ತನ ಸಂಕೇತ. ಆತನ ಪುನರಾಗಮನವನ್ನು ಎದುರುನೋಡುತ್ತ ಗುರುಗಳೂ ಜನರೂ ಒಂದೇ ದಿಕ್ಕಿಗೆ ಮುಖಮಾಡಿ ಪ್ರಾರ್ಥಿಸುತ್ತಿದ್ದರು. ಜ್ಞಾನಸ್ನಾನದ ತೊಟ್ಟಿಯನ್ನು ಬಾಗಿಲ ಬಳಿಯಲ್ಲಿ ಇಡುತ್ತಿದ್ದುದಕ್ಕೂ ಅರ್ಥವಿದೆ. ಧರ್ಮಸಭೆಯೊಳಕ್ಕೆ ಪ್ರವೇಶ ಆ ಸಂಸ್ಕಾರದ ಮೂಲಕವೇ ಅಲ್ಲವೇ? ಹೀಗೆ ಪಶ್ಚಿಮದ ಬಾಗಿಲಿನಿಂದ ಪೂರ್ವದ ಬಲಿಪೀಠದವರೆಗೆ ನಡೆಯುವ ನಡಿಗೆ ಒಬ್ಬ ಕ್ರೈಸ್ತನ ಬಾಳಿನ ನಡಿಗೆಯೇ ಆಗಿತ್ತು.

ಸಂತರ ಅವಶೇಷಗಳನ್ನು ದರ್ಶಿಸಲು ಯಾತ್ರಿಕರು ಸಾವಿರ ಸಾವಿರವಾಗಿ ಬರತೊಡಗಿದಾಗ ಹೊಸದೊಂದು ತೊಡಕು ಹುಟ್ಟಿತು. ಸಂನ್ಯಾಸಿಗಳು ಗಾಯನಸ್ಥಾನದಲ್ಲಿ ಜಪಗಳನ್ನು ಹಾಡುತ್ತಿರುವಾಗ ಯಾತ್ರಿಕರ ನೂಕುನುಗ್ಗಲು ಅದಕ್ಕೆ ಅಡ್ಡಿಯಾಗಬಾರದು. ಇದಕ್ಕೆ ಪರಿಹಾರವಾಗಿ ಬಲಿಪೀಠದ ಹಿಂದೆ ಸುತ್ತಿ ಬರುವ ಪ್ರದಕ್ಷಿಣಾಪಥವನ್ನೂ, ಅದರ ಹೊರಬದಿಗೆ ಹೂವಿನ ಎಸಳುಗಳಂತೆ ಹೊರಚಾಚಿದ ಕಿರುಪ್ರಾರ್ಥನಾಲಯಗಳನ್ನೂ ಕಟ್ಟಿದರು. ಫ್ರಾನ್ಸಿನ ತುಲೂಸ್ ಪಟ್ಟಣದ ಸಂತ ಸೆರ್ನಿನ್ ದೇವಾಲಯ, 1075ರಲ್ಲಿ ಪ್ರಾರಂಭವಾದ ಸ್ಪೇನ್ ದೇಶದ ಸಾಂತಿಯಾಗೋ ಪ್ರಧಾನಾಲಯ ಇವೆರಡೂ ಈ ವಿನ್ಯಾಸದವು. ಪ್ರೇಷಿತ ಸಂತ ಯಾಕೋಬರ ಸಮಾಧಿಯ ಕ್ಷೇತ್ರವೆಂದು ಪೂಜಿತವಾದ ಸಾಂತಿಯಾಗೋಗೆ ಕಾಲ್ನಡಿಗೆಯಲ್ಲಿ ಹೋಗುವ ಯಾತ್ರಿಕರ ಸಾಲು ಇಂದಿಗೂ ನಿಂತಿಲ್ಲ.

ದಪ್ಪಗೋಡೆಗಳ ಕಾಲ

ಹಳೆಯ ಬೆಸಿಲಿಕಾಗಳ ಮಾಡು ಮರದ್ದು. ಸಿಡಿಲು ಬಡಿದೋ ದೀಪದ ಕಿಡಿ ತಾಗಿಯೋ ದೇವಾಲಯಗಳು ಮೇಲಿಂದ ಮೇಲೆ ಸುಟ್ಟುಹೋಗುತ್ತಿದ್ದವು. ಬೆಂಕಿಗೆ ಜಗ್ಗದ ಕಲ್ಲಿನ ಕಮಾನುಛಾವಣಿಯನ್ನು ಮರದ ಮಾಡಿನ ಕೆಳಗೆ ಕಟ್ಟಬೇಕೆಂಬ ಯೋಚನೆ ಬಲಗೊಳ್ಳಲು ಇದೊಂದು ಮುಖ್ಯ ಕಾರಣ. ಹಾಡಿನ ದನಿ ಕಲ್ಲಿನ ಛಾವಣಿಯಡಿಯಲ್ಲಿ ಗಂಭೀರವಾಗಿ ಮೊಳಗುತ್ತಿದ್ದುದು ಇನ್ನೊಂದು ಲಾಭ.

ಆದರೆ ಕಲ್ಲಿನ ಛಾವಣಿ ಸುಲಭದ ಮಾತಲ್ಲ. ಕಮಾನು ತನ್ನ ಭಾರವನ್ನು ನೇರವಾಗಿ ಕೆಳಕ್ಕೆ ಮಾತ್ರ ಇಳಿಸುವುದಿಲ್ಲ. ಗೋಡೆಗಳನ್ನು ಹೊರಕ್ಕೂ ತಳ್ಳುತ್ತದೆ. ಅರ್ಧವೃತ್ತದ ಕಮಾನನ್ನು ಉದ್ದಕ್ಕೂ ಎಳೆದಂತೆ ಪೀಪಾಯಿಯಾಕಾರದ ಛಾವಣಿ ಕಟ್ಟಿದರೆ ಆ ತಳ್ಳುವಿಕೆ ಗೋಡೆಯ ಉದ್ದಕ್ಕೂ ಎಡೆಬಿಡದೆ ಇರುತ್ತದೆ. ಅದನ್ನು ತಡೆಯಲು ಗೋಡೆ ಬಹಳ ದಪ್ಪವಾಗಬೇಕು, ಕಿಟಕಿಗಳು ಚಿಕ್ಕವಾಗಬೇಕು. ರೋಮನೆಸ್ಕ್ ಎಂದು ಹೆಸರಾದ, ಹನ್ನೊಂದು ಮತ್ತು ಹನ್ನೆರಡನೆಯ ಶತಮಾನಗಳ ಈ ದೇವಾಲಯಗಳು ಕೋಟೆಗಳಂತೆ ಕಾಣುವುದು ಅದಕ್ಕಾಗಿಯೇ. ಒಳಗೆ ಮಬ್ಬುಬೆಳಕು, ತಂಪು, ಮೌನ. ರೈನ್ ನದಿಯ ತೀರದಲ್ಲಿ 1061ರಲ್ಲಿ ಅಭಿಷೇಕಗೊಂಡ ಸ್ಪೈಯರ್ ಪ್ರಧಾನಾಲಯ ಈ ಗಾಂಭೀರ್ಯಕ್ಕೆ ಒಳ್ಳೆಯ ನಿದರ್ಶನ. 1088ರಲ್ಲಿ ಪ್ರಾರಂಭವಾದ ಫ್ರಾನ್ಸಿನ ಕ್ಲೂನಿ ಮಠದ ಮಹಾದೇವಾಲಯ ಸುಮಾರು 187 ಮೀಟರು ಉದ್ದವಿತ್ತು. ರೋಮಿನಲ್ಲಿ ಇಂದಿನ ಸಂತ ಪೇತ್ರರ ಮಹಾದೇವಾಲಯ ಏಳುವವರೆಗೆ ಕ್ರೈಸ್ತಲೋಕದಲ್ಲಿ ಅದಕ್ಕಿಂತ ದೊಡ್ಡದಿರಲಿಲ್ಲ. ಫ್ರೆಂಚ್ ಮಹಾಕ್ರಾಂತಿಯ ನಂತರ ಅದನ್ನು ಮಾರಿ, ಕಲ್ಲಿಗಾಗಿ ಕೆಡವಿಹಾಕಿದರು. ಇಂದು ಉಳಿದಿರುವುದು ಅದರ ಒಂದು ಸಣ್ಣ ಪಾಲು ಮಾತ್ರ. ಏಳು ನೂರು ವರ್ಷಗಳ ಪ್ರಾರ್ಥನೆಯಿಂದ ತುಂಬಿದ ಗೋಡೆಗಳು ಕಲ್ಲುಗಣಿಯಾಗಿ ಮಾರ್ಪಡಲು ಕೆಲವೇ ವರ್ಷಗಳು ಸಾಕಾದವು.

ದಪ್ಪಗೋಡೆಯ ಬಂಧನದಿಂದ ಹೊರಬರುವ ದಾರಿಯನ್ನು ಮೊದಲು ಕಂಡುಕೊಂಡವರಲ್ಲಿ ಇಂಗ್ಲೆಂಡಿನ ಡರಮ್ ಪ್ರಧಾನಾಲಯದ ಕಲ್ಲುಕುಟಿಗರು ಮುಖ್ಯರು. 1093ರಿಂದ 1133ರವರೆಗೆ ನಡೆದ ಆ ಕೆಲಸದಲ್ಲಿ ಅವರು ಛಾವಣಿಯಡಿ ಕರ್ಣರೇಖೆಗಳಂತೆ ಅಡ್ಡಹಾಯುವ ಕಲ್ಲಿನ ಪಕ್ಕೆಲುಬುಗಳನ್ನು ಕಟ್ಟಿ, ನಡುವಣ ಜಾಗವನ್ನು ಕಲ್ಲಿನಿಂದ ತುಂಬಿದರು. ಹೀಗೆ ಅಡ್ಡಹಾಯುವ ಛಾವಣಿಯ ಭಾರ ಗೋಡೆಯ ಉದ್ದಕ್ಕೂ ಹರಡದೆ ಅಂಕಣದ ನಾಲ್ಕು ಮೂಲೆಗಳ ಕಂಬಗಳಿಗೆ ಇಳಿಯಿತು. ಭಾರ ಕಂಬಗಳಿಗೆ ಸೇರಿದರೆ ನಡುವಣ ಗೋಡೆಗೆ ಕೆಲಸವಿಲ್ಲ. ಕೆಲಸವಿಲ್ಲದ ಗೋಡೆಯನ್ನು ತೆರೆಯಬಹುದು. ಈ ಒಂದು ಸತ್ಯದಿಂದ ಮುಂದಿನ ನಾಲ್ಕು ಶತಮಾನಗಳ ದೇವಾಲಯ ಶಿಲ್ಪ ಹೊರಹೊಮ್ಮಿತು.

ಮಠಾಧಿಪತಿ ಸುಜೆರರ ಬೆಳಕು

ಪ್ಯಾರಿಸ್ ನಗರದ ಉತ್ತರಕ್ಕಿರುವ ಸಂತ ಡೆನಿಸರ ಮಠಕ್ಕೆ 1122ರಿಂದ 1151ರವರೆಗೆ ಅಧಿಪತಿಯಾಗಿದ್ದವರು ಸುಜೆರ್ ಎಂಬವರು. ಬಡಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮಠಕ್ಕೆ ಸೇರಿ, ರಾಜರ ಮಂತ್ರಾಲೋಚಕರಾಗುವವರೆಗೆ ಬೆಳೆದವರು. ಹಳೆಯ ದೇವಾಲಯ ಹಬ್ಬದ ದಿನಗಳಲ್ಲಿ ಜನರಿಗೆ ಸಾಲದೆ ಉಸಿರುಗಟ್ಟುತ್ತಿದ್ದುದನ್ನು ಕಂಡು ಅದನ್ನು ವಿಸ್ತರಿಸಲು ನಿಶ್ಚಯಿಸಿದರು. 1140ರಲ್ಲಿ ಪಶ್ಚಿಮದ ಮುಖಭಾಗ ಅಭಿಷೇಕಗೊಂಡಿತು. 1144ರ ಜೂನ್ 11ರಂದು, ದೊರೆ ಏಳನೆಯ ಲೂಯಿಯ ಸಮ್ಮುಖದಲ್ಲಿ, ಪೂರ್ವದ ಹೊಸ ಗಾಯನಸ್ಥಾನ ಅಭಿಷೇಕಗೊಂಡಿತು. ಮೊನಚು ಕಮಾನು, ಪಕ್ಕೆಲುಬಿನ ಛಾವಣಿ, ತೆಳುವಾದ ಕಂಬ, ಅಗಲವಾದ ವರ್ಣಗಾಜಿನ ಕಿಟಕಿ ಇವೆಲ್ಲವೂ ಅಲ್ಲಿ ಒಂದುಗೂಡಿ ಹೊಸ ಶೈಲಿಯೊಂದು ಜನ್ಮತಾಳಿತು. ಇದನ್ನೇ ನಾವು ಗಾಥಿಕ್ ಎನ್ನುವುದು. ಈ ಹೆಸರನ್ನು ಅಂದಿನವರು ಬಲ್ಲವರಲ್ಲ; ಬಹುಕಾಲಾನಂತರ ಇಟಲಿಯ ವಿದ್ವಾಂಸರು ತಾತ್ಸಾರದಿಂದ ಇಟ್ಟದ್ದು ಅದು.

ಸುಜೆರರು ತಮ್ಮ ಕೆಲಸದ ವೃತ್ತಾಂತವನ್ನು ತಾವೇ ಬರೆದಿಟ್ಟಿದ್ದಾರೆ. ಮಾಡಿಗೆ ಬೇಕಾದ ಉದ್ದನೆಯ ತೊಲೆಗಳು ಆ ಸೀಮೆಯಲ್ಲಿ ದೊರೆಯಲಾರವೆಂದು ಬಡಗಿಗಳು ಕೈಚೆಲ್ಲಿದಾಗ ಅವರು ಅಳತೆ ಹಿಡಿದು ತಾವೇ ಕಾಡಿಗೆ ಹೊರಟರು. ದಿನ ಮುಗಿಯುವುದರೊಳಗೆ ಬೇಕಾದ ಹನ್ನೆರಡು ಮರಗಳು ಸಿಕ್ಕಿದವು. ಕಲ್ಲುಗಣಿಯಿಂದ ಕಂಬದ ಕಲ್ಲುಗಳನ್ನು ಮೇಲೆತ್ತುವಾಗ ಊರಿನ ಶ್ರೀಸಾಮಾನ್ಯರೂ ಕುಲೀನರೂ ಒಂದೇ ಹಗ್ಗಕ್ಕೆ ಕೈಕೊಟ್ಟು ಎಳೆದರೆಂದೂ ಅವರು ಸ್ಮರಿಸುತ್ತಾರೆ. ಕಣ್ಣಿಗೆ ಕಾಣುವ ಬೆಳಕಿನಿಂದ ಕಾಣದ ನಿಜಜ್ಯೋತಿಯತ್ತ ಮನಸ್ಸು ಏರಬಲ್ಲದು ಎಂಬುದು ಅವರ ದೃಢ ನಂಬಿಕೆಯಾಗಿತ್ತು.

ಎಲ್ಲರೂ ಇದನ್ನು ಒಪ್ಪಲಿಲ್ಲ. ಅದೇ ಕಾಲದ ಮಹಾಸಂತ, ಕ್ಲೇರ್‌ವೋ ಮಠದ ಬರ್ನಾರ್ಡರು, ಮಠಗಳ ದೇವಾಲಯಗಳಲ್ಲಿನ ಅತಿಯಾದ ಎತ್ತರ, ಚಿನ್ನ, ವಿಚಿತ್ರ ಕೆತ್ತನೆಗಳನ್ನು ಕಟುವಾಗಿ ಖಂಡಿಸಿದರು. ಕಲ್ಲಿಗೆ ಚಿನ್ನದ ಹೊದಿಕೆ ಇರುವಾಗ ಬಡವನ ಮೈಗೆ ಬಟ್ಟೆಯಿಲ್ಲದಿರುವುದು ಅವರ ಅಂತಃಕರಣವನ್ನು ಚುಚ್ಚಿತ್ತು. ಅವರ ಸಿಸ್ಟರ್ಶಿಯನ್ ಸಂನ್ಯಾಸಿಗಳು ಕಟ್ಟಿ, 1147ರಲ್ಲಿ ಅಭಿಷೇಕಗೊಂಡ ಫೋಂತನೇ ಮಠದ ದೇವಾಲಯದಲ್ಲಿ ಗೋಪುರವಿಲ್ಲ, ಬಣ್ಣದ ಗಾಜಿಲ್ಲ, ವಿಗ್ರಹಗಳ ಸಾಲಿಲ್ಲ. ಇರುವುದು ಶುಭ್ರವಾದ ಕಲ್ಲು, ಸರಿಯಾದ ಅಳತೆ, ಬೆಳಗಿನ ಬಿಸಿಲು. ಅದೂ ಸುಂದರವೇ. ಸುಜೆರರ ವೈಭವ, ಬರ್ನಾರ್ಡರ ಸರಳತೆ ಎರಡನ್ನೂ ಧರ್ಮಸಭೆ ತನ್ನ ಮಡಿಲಲ್ಲಿ ಇಟ್ಟುಕೊಂಡಿತು. ದೇವಾಲಯದ ಖರ್ಚಿನ ವಿಷಯದಲ್ಲಿ ಇಂದು ನಮ್ಮ ಸಭೆಗಳಲ್ಲಿ ನಡೆಯುವ ಚರ್ಚೆಗೆ ಒಂಬತ್ತು ನೂರು ವರ್ಷಗಳ ವಯಸ್ಸಾಗಿದೆ ಎಂಬುದನ್ನು ನಾವು ಮರೆಯದಿರೋಣ.

ಮೊನಚು ಕಮಾನು, ಹಾರುವ ಆನಿಕೆ

ಮೊನಚು ಕಮಾನನ್ನು ಫ್ರೆಂಚರು ಮೊದಲಾಗಿ ಕಂಡುಹಿಡಿದರೆಂದು ಹೇಳಲಾಗದು; ಇಸ್ಲಾಮೀ ನಾಡುಗಳ ಕಟ್ಟಡಗಳಲ್ಲಿ ಅದು ಮೊದಲೇ ಬಳಕೆಯಲ್ಲಿತ್ತು. ಅದರ ಗುಣ ಹೀಗಿದೆ: ಅರ್ಧವೃತ್ತದ ಕಮಾನಿನ ಎತ್ತರ ಅದರ ಅಗಲದ ಅರ್ಧಕ್ಕೆ ಕಟ್ಟುಬಿದ್ದಿರುತ್ತದೆ, ಮೊನಚು ಕಮಾನಿಗೆ ಆ ಕಟ್ಟಿಲ್ಲ. ಅಗಲ ಹೆಚ್ಚುಕಡಿಮೆಯಾದರೂ ಎಲ್ಲ ಕಮಾನುಗಳ ತುದಿಯನ್ನು ಒಂದೇ ಎತ್ತರಕ್ಕೆ ತರಬಹುದು. ಅಲ್ಲದೆ ಅದು ಕಡಿದಾಗಿ ಏರುವುದರಿಂದ ಹೊರಕ್ಕೆ ತಳ್ಳುವ ಬಲವೂ ಕಡಿಮೆ.

ಉಳಿದ ತಳ್ಳುವಿಕೆಯನ್ನು ತಡೆಯಲು ಹುಟ್ಟಿದ್ದು ಹಾರುವ ಆನಿಕೆ. ಎತ್ತರದ ನಡುವಣ ಅಂಕಣದ ಗೋಡೆಗೆ, ಛಾವಣಿಯ ಒತ್ತಡ ಬೀಳುವ ಸ್ಥಳದಲ್ಲಿಯೇ, ಹೊರಗಿನಿಂದ ಅರ್ಧಕಮಾನೊಂದು ಆನಿಕೊಳ್ಳುತ್ತದೆ. ಅದು ಪಕ್ಕಸಾಲೆಯ ಮಾಡಿನ ಮೇಲಿಂದ ಹಾಯ್ದು ದೂರದ ಬಲವಾದ ಕಂಬಕ್ಕೆ ಭಾರವನ್ನು ಒಯ್ಯುತ್ತದೆ. ಆ ಕಂಬದ ತಲೆಯ ಮೇಲಿನ ಚೂಪಾದ ಕಿರುಗೋಪುರ ಬರಿಯ ಅಲಂಕಾರವಲ್ಲ. ತನ್ನ ತೂಕದಿಂದ ಕಂಬವನ್ನು ಒತ್ತಿಹಿಡಿಯಲು ಅದೂ ನೆರವಾಗುತ್ತದೆ. ಇಡೀ ಕಟ್ಟಡ ಹೀಗೆ ಒಂದಕ್ಕೊಂದು ಹೆಗಲುಕೊಟ್ಟು ನಿಂತ ಜನಸಮೂಹದಂತೆ ನಿಂತಿರುತ್ತದೆ. ಒಳಗೆ ನಿಂತ ಭಕ್ತನಿಗೆ ಈ ಆನಿಕೆಗಳು ಕಾಣುವುದಿಲ್ಲ. ಅವನಿಗೆ ಕಾಣುವುದು ಬೆಳಕು ಮಾತ್ರ. ಹೊರಗೆ ನಿಂತು ಬಿಸಿಲು ಮಳೆಗಳಲ್ಲಿ ಭಾರ ಹೊರುವ ಈ ಕಲ್ಲುಗಳನ್ನು ಕಂಡಾಗ, ಪ್ರತಿ ಧರ್ಮಕೇಂದ್ರದಲ್ಲಿಯೂ ಹೆಸರಿಲ್ಲದೆ ದುಡಿದುಹೋದ ಹಿರಿಯರು ನಮಗೆ ನೆನಪಾಗುತ್ತಾರೆ.

ಮಾಡಿನಂಚಿನಲ್ಲಿ ಬಾಯ್ದೆರೆದು ಚಾಚಿಕೊಂಡಿರುವ ವಿಕಾರ ಪ್ರಾಣಿಗಳ ಕಥೆಯೂ ಇಂಥದೇ. ಗಾರ್ಗಾಯಿಲ್ ಎಂಬ ಇವು ಮಳೆನೀರಿನ ದೋಣಿಗಳು. ಮಾಡಿನಿಂದ ಹರಿದುಬಂದ ನೀರು ಗೋಡೆಯ ಮೇಲೆ ಇಳಿದರೆ ಸುಣ್ಣದ ಗಾರೆ ಕರಗಿ ಕಲ್ಲು ಸಡಿಲವಾಗುತ್ತದೆ. ಆದಕಾರಣ ಗೋಡೆಯಿಂದ ದೂರಕ್ಕೆ ನೀರನ್ನು ಉಗುಳುವಂತೆ ಅವುಗಳನ್ನು ಕೆತ್ತಿದರು. ಹಿರಿಯ ದೇವಾಲಯಗಳ ಮೊದಲ ಶತ್ರು ನೀರು ಎಂಬುದನ್ನು ಅಂದಿನ ಕಲ್ಲುಕುಟಿಗನು ಬಲ್ಲವನಾಗಿದ್ದನು.

ಗಾಜಿನಲ್ಲಿ ಶುಭಸಂದೇಶ

ಗೋಡೆಯ ಭಾರ ಇಳಿದ ಮೇಲೆ ಆ ಸ್ಥಳವನ್ನು ವರ್ಣಗಾಜು ತುಂಬಿತು. ಗಾಜನ್ನು ಕರಗಿಸುವಾಗಲೇ ಲೋಹದ ಅಂಶಗಳನ್ನು ಬೆರೆಸಿ ಬಣ್ಣ ತರುತ್ತಿದ್ದರು. ಬೇಕಾದ ಆಕಾರಕ್ಕೆ ತುಂಡರಿಸಿ, ಮುಖ, ಬಟ್ಟೆಯ ಮಡಿಕೆ ಮುಂತಾದ ಗೆರೆಗಳನ್ನು ಕಪ್ಪು ಲೇಪದಿಂದ ಬರೆದು, ಕುಲುಮೆಯಲ್ಲಿ ಸುಟ್ಟು, ಸೀಸದ ಪಟ್ಟಿಗಳಿಂದ ಜೋಡಿಸುತ್ತಿದ್ದರು. ಓದು ಬಾರದವರಿಗೆ ಚಿತ್ರವೇ ಗ್ರಂಥವೆಂದು ಜಗದ್ಗುರು ಮಹಾ ಗ್ರೆಗೋರಿಯವರು ಕ್ರಿ.ಶ. 600ರ ಸುಮಾರಿಗೆ ಮಾರ್ಸೇಲ್ಸಿನ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದರು. ಆ ಮಾತು ಅತ್ಯಂತ ಶೋಭಾಯಮಾನವಾಗಿ ನಿಜವಾದದ್ದು ಫ್ರಾನ್ಸಿನ ಶಾರ್ತ್ರ್ ಪ್ರಧಾನಾಲಯದಲ್ಲಿ.

1194ರ ಜೂನ್ 10ರಂದು ಶಾರ್ತ್ರಿನ ಹಳೆಯ ಪ್ರಧಾನಾಲಯ ಬೆಂಕಿಗೆ ಆಹುತಿಯಾಯಿತು. ಪಶ್ಚಿಮದ ಮುಖಭಾಗ, ನೆಲಮಾಳಿಗೆ ಮಾತ್ರ ಉಳಿದವು. ಮಾತೆ ಮರಿಯಮ್ಮನವರದೆಂದು ಜನರು ಪೂಜಿಸುತ್ತಿದ್ದ ವಸ್ತ್ರವೂ ಸುಟ್ಟಿತೆಂದು ಊರು ದುಃಖದಲ್ಲಿ ಮುಳುಗಿತು. ಕೆಲವು ದಿನಗಳಲ್ಲಿ ಅದು ನೆಲಮಾಳಿಗೆಯಲ್ಲಿ ಸುರಕ್ಷಿತವಾಗಿ ದೊರೆತಾಗ, ತಮ್ಮ ತಾಯಿಯು ಇನ್ನೂ ಸುಂದರವಾದ ಆಲಯವನ್ನು ಬಯಸುತ್ತಾಳೆಂದು ಭಾವಿಸಿ ಜನರು ಕಟ್ಟತೊಡಗಿದರು. ಸುಮಾರು 37 ಮೀಟರು ಎತ್ತರದ ಛಾವಣಿ ಒಂದೇ ತಲೆಮಾರಿನಲ್ಲಿ ಮೇಲೆದ್ದಿತು. 1260ರಲ್ಲಿ ಸಂತ ದೊರೆ ಒಂಬತ್ತನೆಯ ಲೂಯಿಯ ಸಮ್ಮುಖದಲ್ಲಿ ಅಭಿಷೇಕ ನಡೆಯಿತು. ಅಲ್ಲಿನ ಕಿಟಕಿಗಳ ಕೆಳಭಾಗದಲ್ಲಿ ರೊಟ್ಟಿ ಸುಡುವವರು, ಚಮ್ಮಾರರು, ಬಡಗಿಗಳು, ನೇಯ್ಗೆಯವರು ತಮ್ಮ ತಮ್ಮ ಕೆಲಸದಲ್ಲಿ ತೊಡಗಿರುವ ಚಿತ್ರಗಳಿವೆ. ಪ್ರವಾದಿಗಳ, ಪ್ರೇಷಿತರ ಪಾದಗಳ ಬಳಿ ದುಡಿಮೆಯ ಜನರಿಗೂ ಸ್ಥಳ ದೊರೆತುದು ಎಷ್ಟು ಉಚಿತ! 1939ರಲ್ಲಿ ಎರಡನೆಯ ಮಹಾಯುದ್ಧ ಹೊತ್ತಿಕೊಂಡಾಗ ಈ ಗಾಜುಗಳನ್ನೆಲ್ಲ ಬಿಚ್ಚಿ ಸುರಕ್ಷಿತ ಸ್ಥಳಕ್ಕೆ ಸಾಗಿಸಿ, ಯುದ್ಧ ಮುಗಿದ ಮೇಲೆ ತಂದು ಕೂಡಿಸಿದರು.

ಆದರೆ ಇತಿಹಾಸ ಬರೆಯುವವರು ಸಿಹಿಯನ್ನು ಮಾತ್ರ ಬಡಿಸಬಾರದು. ಈ ಮಹಾಕಟ್ಟಡಗಳ ಹೊರೆ ಕೆಲವೊಮ್ಮೆ ಜನರ ಬೆನ್ನು ಮುರಿಯುವಷ್ಟಿತ್ತು. ಫ್ರಾನ್ಸಿನ ರೀಮ್ಸ್ ಪಟ್ಟಣದಲ್ಲಿ 1233ರಲ್ಲಿ ಪುರಜನರು ತಮ್ಮ ಮಹಾಧರ್ಮಾಧ್ಯಕ್ಷರ ಆಡಳಿತದ ವಿರುದ್ಧವೇ ದಂಗೆಯೆದ್ದರು. ಪ್ರಧಾನಾಲಯದ ಕೆಲಸ 1236ರವರೆಗೆ ನಿಂತುಹೋಯಿತು. ಕೆಲಸಗಾರರ ಪ್ರಾಣಕ್ಕೂ ಅಪಾಯವಿತ್ತು. ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ 1174ರ ಬೆಂಕಿಯ ನಂತರ ಗಾಯನಸ್ಥಾನವನ್ನು ಮತ್ತೆ ಕಟ್ಟುತ್ತಿದ್ದ ಪ್ರಧಾನ ಶಿಲ್ಪಿ, ಸಾನ್ಸ್ ಊರಿನ ವಿಲಿಯಂ, 1178ರಲ್ಲಿ ಅಟ್ಟಣೆಯಿಂದ ಬಿದ್ದು ತೀವ್ರವಾಗಿ ಗಾಯಗೊಂಡನು. ಹಾಸಿಗೆಯಿಂದಲೇ ಕೆಲವು ಕಾಲ ಕೆಲಸ ನಡೆಸಿ, ಕೊನೆಗೆ ಆಗದೆ ತನ್ನ ದೇಶಕ್ಕೆ ಹಿಂದಿರುಗಿದನು. ಆ ಮಠದ ಸಂನ್ಯಾಸಿ ಜರ್ವೇಸ್ ಇದನ್ನು ಬರೆದಿಡದಿದ್ದರೆ ಆ ಹೆಸರೂ ನಮಗೆ ತಿಳಿಯುತ್ತಿರಲಿಲ್ಲ.

ಎತ್ತರದ ಆಸೆ, ಕಾಯುವ ಶಕ್ತಿ

ಒಂದು ಊರಿಗಿಂತ ಇನ್ನೊಂದು ಊರು ಎತ್ತರಕ್ಕೆ ಕಟ್ಟಬೇಕೆಂಬ ಪೈಪೋಟಿಯೂ ಬೆಳೆಯಿತು. ಪ್ಯಾರಿಸಿನ ನೋತ್ರ್ ದಾಮ್ ದೇವಾಲಯದ ಛಾವಣಿ ಸುಮಾರು 33 ಮೀಟರು. ಅಮಿಯೆನ್ಸಿನಲ್ಲಿ 42 ಮೀಟರು. ಬೋವೇ ಊರಿನವರು 48 ಮೀಟರಿಗೆ ಏರಿಸಿದರು. 1272ರಲ್ಲಿ ಮುಗಿದ ಆ ಗಾಯನಸ್ಥಾನದ ಛಾವಣಿ 1284ರಲ್ಲಿ ಕುಸಿದುಬಿದ್ದಿತು. ಹೆಚ್ಚಿನ ಕಂಬಗಳನ್ನು ನಡುವೆ ನಿಲ್ಲಿಸಿ ಮತ್ತೆ ಕಟ್ಟಿದರು. ಆ ಪಾಠ ಸಾಲದೆಂಬಂತೆ ಹದಿನಾರನೆಯ ಶತಮಾನದಲ್ಲಿ ಸುಮಾರು 150 ಮೀಟರು ಎತ್ತರದ ಗೋಪುರವೊಂದನ್ನು ಅದರ ಮೇಲೆ ಏರಿಸಿದರು. ಭಾರವನ್ನು ಪಶ್ಚಿಮದಿಂದ ತಡೆಯಬೇಕಾಗಿದ್ದ ನಡುವಣ ಅಂಕಣವನ್ನು ಇನ್ನೂ ಕಟ್ಟಿಯೇ ಇರಲಿಲ್ಲ. 1573ರಲ್ಲಿ ಪ್ರಭುವಿನ ಸ್ವರ್ಗಾರೋಹಣದ ಹಬ್ಬದಂದು, ಜನರು ಮೆರವಣಿಗೆಯಲ್ಲಿ ಹೊರಗೆ ಹೋದ ಮೇಲೆ, ಗೋಪುರ ಉರುಳಿತು. ದೈವಕೃಪೆಯಿಂದ ಯಾರೂ ಸಾಯಲಿಲ್ಲ. ಬೋವೇಯ ದೇವಾಲಯ ಇಂದಿಗೂ ಅರ್ಧವೇ. ನಡುವಣ ಅಂಕಣ ಬರಬೇಕಾಗಿದ್ದ ಜಾಗದಲ್ಲಿ, ಕೆಡವಲು ಗೊತ್ತುಮಾಡಿದ್ದ ಹತ್ತನೆಯ ಶತಮಾನದ ಪುಟ್ಟ ಹಳೆಯ ದೇವಾಲಯದ ಭಾಗ ಉಳಿದು ನಿಂತಿದೆ. ಅತಿ ಎತ್ತರವನ್ನು ಬಯಸಿದ ಕಟ್ಟಡ ಬಿದ್ದಿತು. ಬೇಡವೆನಿಸಿದ್ದ ಚಿಕ್ಕ ಕಟ್ಟಡ ಸಾವಿರ ವರ್ಷ ಬಾಳಿತು.

ಇದಕ್ಕೆ ಪ್ರತಿಯಾಗಿ ಜರ್ಮನಿಯ ಕೊಲೋನ್ ನಗರದ ಪ್ರಧಾನಾಲಯವನ್ನು ನೋಡೋಣ. ಮೂವರು ಜ್ಞಾನಿಗಳ ಅವಶೇಷಗಳನ್ನು ಇರಿಸಲು 1248ರ ಆಗಸ್ಟ್ 15ರಂದು, ಮಾತೆಯ ಸ್ವರ್ಗಸ್ವೀಕಾರದ ಹಬ್ಬದಂದು, ಅದಕ್ಕೆ ಅಡಿಗಲ್ಲಿಟ್ಟರು. 1322ರಲ್ಲಿ ಗಾಯನಸ್ಥಾನ ಅಭಿಷೇಕಗೊಂಡಿತು. ಹದಿನಾರನೆಯ ಶತಮಾನದಲ್ಲಿ ಕೆಲಸ ನಿಂತಿತು. ಅಪೂರ್ಣ ಗೋಪುರದ ಮೇಲೆ ಕಲ್ಲೆತ್ತುವ ಮರದ ಯಂತ್ರ ಶತಮಾನಗಳ ಕಾಲ ಹಾಗೆಯೇ ನಿಂತಿತ್ತು. ಮಧ್ಯಯುಗದ ಶಿಲ್ಪಿ ಚರ್ಮಪಟದ ಮೇಲೆ ಬರೆದಿದ್ದ ಮುಖಭಾಗದ ನಕ್ಷೆ ಎರಡು ತುಂಡಾಗಿ ಕಳೆದುಹೋಗಿತ್ತು. 1814ರಲ್ಲಿ ಒಂದರ್ಧ ಡಾರ್ಮ್‌ಸ್ಟಾಟ್ ಊರಿನಲ್ಲಿ, 1816ರಲ್ಲಿ ಇನ್ನೊಂದರ್ಧ ಪ್ಯಾರಿಸಿನಲ್ಲಿ ದೊರೆಯಿತು. 1842ರಲ್ಲಿ ಕೆಲಸ ಮತ್ತೆ ಪ್ರಾರಂಭವಾಗಿ, 1880ರಲ್ಲಿ 157 ಮೀಟರಿನ ಅವಳಿ ಗೋಪುರಗಳು ಹಳೆಯ ನಕ್ಷೆಯಂತೆಯೇ ಪೂರ್ಣಗೊಂಡವು. ಅಡಿಗಲ್ಲಿಗೂ ಶಿಖರಕ್ಕೂ ನಡುವೆ 632 ವರ್ಷಗಳು!

ನಮ್ಮ ನಾಡಿಗೆ ಬಂದ ಕಮಾನು

ಕೊಲೋನ್ ಪೂರ್ಣಗೊಂಡ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗಾಥಿಕ್ ಶೈಲಿ ಯೂರೋಪಿನಲ್ಲಿ ಮರುಹುಟ್ಟು ಪಡೆದಿತ್ತು. ಮೈಸೂರು ಸೀಮೆಯಲ್ಲಿ ಸೇವೆಸಲ್ಲಿಸಿದ ಪ್ಯಾರಿಸ್ ವಿದೇಶ ಮಿಶನ್ ಸಂಸ್ಥೆಯ ಗುರುಗಳು ತಮ್ಮ ಊರಿನ ಆ ನೆನಪನ್ನು ಇಲ್ಲಿಗೆ ತಂದರು. 1882ರಲ್ಲಿ ಅಭಿಷೇಕಗೊಂಡ ಬೆಂಗಳೂರು ಶಿವಾಜಿನಗರದ ಸಂತ ಮರಿಯಮ್ಮನವರ ದೇವಾಲಯ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯ ಎರಡೂ ಈ ಪರಂಪರೆಯವು. ಮೈಸೂರಿನ 175 ಅಡಿಗಳ ಅವಳಿ ಗೋಪುರಗಳನ್ನು ಕಂಡವರಿಗೆ ಕೊಲೋನ್ ನೆನಪಾಗದಿರದು. ಕ್ರೈಸ್ತರಲ್ಲದ ಅರಸರೊಬ್ಬರ ಔದಾರ್ಯ ಅದರ ಅಡಿಗಲ್ಲಿನಲ್ಲಿದೆ ಎಂಬುದು ನಮ್ಮ ನಾಡಿನ ಹಿರಿಮೆ.

ಹಳ್ಳಿಗಳ ಸಣ್ಣ ದೇವಾಲಯಗಳಲ್ಲಿ ಇದೇ ರೂಪ ಸರಳಗೊಂಡಿತು. ಮರದ ತೊಲೆ, ಮಂಗಳೂರು ಹೆಂಚಿನ ಮಾಡು ಇರುವಲ್ಲಿ ಕಲ್ಲಿನ ಛಾವಣಿಯ ತಳ್ಳುವಿಕೆಯಿಲ್ಲ. ಹಾರುವ ಆನಿಕೆಯ ಅಗತ್ಯವೂ ಇಲ್ಲ. ಉಳಿದದ್ದು ಮೊನಚು ಕಿಟಕಿ, ಗೋಡೆಗೆ ಒತ್ತಿದ ಆನಿಕೆಗಂಬ, ಗಂಟೆಗೋಪುರ, ಉದ್ದನೆಯ ಅಂಕಣ. ಇವು ಬರಿಯ ಅನುಕರಣೆಯೆಂದು ಕೆಲವರು ಹಗುರಾಗಿ ಮಾತಾಡುವುದುಂಟು. ಆದರೆ ಮಕ್ಕಳಿಗೆ ಜ್ಞಾನಸ್ನಾನವಾದ, ಮದುವೆಗಳು ನಡೆದ, ಹಿರಿಯರ ಪಾರ್ಥಿವ ಶರೀರಗಳು ಕೊನೆಯ ಆಶೀರ್ವಾದ ಪಡೆದ ಗೋಡೆಗಳು ಯಾರ ಅನುಕರಣೆಯೂ ಅಲ್ಲ.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವನ್ನು ಹೇಮಾವತಿ ಜಲಾಶಯದ ಹಿನ್ನೀರು ಆವರಿಸಿತು. ಊರಿನ ಜನ ಬೇರೆಡೆ ನೆಲೆಸಿದರು. ಮಾಡಿಲ್ಲದ ಆ ಅವಶೇಷವನ್ನು ಪ್ರವಾಸಿಗಳು ಬಂದು ನೋಡುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ. ಅದರ ಸೌಂದರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಲಿಪೂಜೆಯಿಲ್ಲದ, ಗಂಟೆಯ ದನಿಯಿಲ್ಲದ ದೇವಾಲಯ ನಮ್ಮ ಎದೆಯನ್ನು ಬೇರೊಂದು ಬಗೆಯಲ್ಲಿ ಕಲಕುತ್ತದೆ.

ನಮ್ಮ ಹೊಣೆ

ಮಧ್ಯಯುಗದ ಎಲ್ಲವನ್ನೂ ಹಾಗೆಯೇ ಮರಳಿ ತರಬೇಕೆಂದು ನಾವು ಹೇಳುತ್ತಿಲ್ಲ. ಅಂದಿನ ಅನೇಕ ದೇವಾಲಯಗಳಲ್ಲಿ ಗಾಯನಸ್ಥಾನಕ್ಕೂ ಜನರಿಗೂ ನಡುವೆ ಎತ್ತರದ ಕಲ್ಲಿನ ಅಥವಾ ಮರದ ತಡೆ ಇತ್ತು. ಜನರು ಬಲಿಪೂಜೆಯನ್ನು ದೂರದಿಂದ, ಮರೆಯಿಂದ ಕಾಣಬೇಕಾಗಿತ್ತು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಪ್ರಕಟಿಸಿದ ಆರಾಧನಾವಿಧಿಯ ಸಂವಿಧಾನ ಜನರೆಲ್ಲರ ಪೂರ್ಣ, ಸಕ್ರಿಯ ಪಾಲುಗೊಳ್ಳುವಿಕೆಯನ್ನು ಬಯಸಿತು. ಬಲಿಪೀಠ ಜನರ ಸಮೀಪಕ್ಕೆ ಬಂದಿತು; ಜನರ ಭಾಷೆ ಬಲಿಪೂಜೆಗೆ ಬಂದಿತು. ಬೆಸಿಲಿಕಾದ ಕಾಲದ ಮೂಲಭಾವನೆ, ಕೂಡಿದ ಜನರೇ ದೇವಾಲಯದ ಅಳತೆಗೋಲು ಎಂಬುದು, ಮತ್ತೆ ಬೆಳಕಿಗೆ ಬಂದಿತು. ಆದ್ದರಿಂದ ಬದಲಾವಣೆಯೆಂಬುದು ದೇವಾಲಯಕ್ಕೆ ಹೊಸದಲ್ಲ. ಸುಜೆರರೂ ಹಳೆಯದನ್ನು ಬದಲಿಸಿದರು; ಆದರೆ ಹಳೆಯ ಗೋಡೆಗಳನ್ನು ಪವಿತ್ರ ಅವಶೇಷಗಳಂತೆ ಗೌರವಿಸಿ, ಆದಷ್ಟು ಉಳಿಸಿಕೊಂಡು ಬದಲಿಸಿದರು.

2019ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, ಪ್ಯಾರಿಸಿನ ನೋತ್ರ್ ದಾಮ್ ಹೊತ್ತಿ ಉರಿದುದನ್ನು ಲೋಕವೆಲ್ಲ ಕಂಡಿತು. ಮಧ್ಯಯುಗದ ಓಕ್ ಮರದ ಮಾಡು ಪೂರ್ತಿ ಸುಟ್ಟಿತು. ಹತ್ತೊಂಬತ್ತನೆಯ ಶತಮಾನದ ಮೊನಚುಗೋಪುರ ಮುರಿದು ಛಾವಣಿಯನ್ನು ತೂತುಮಾಡಿಕೊಂಡು ಒಳಕ್ಕೆ ಬಿದ್ದಿತು. ಆದರೆ ಕಲ್ಲಿನ ಛಾವಣಿಯ ಬಹುಭಾಗ ತಡೆದು ನಿಂತಿತು. ಬೆಂಕಿಯಿಂದ ಒಳಭಾಗವನ್ನು ಕಾಪಾಡಲೆಂದು ಎಂಟು ನೂರು ವರ್ಷಗಳ ಹಿಂದೆ ಕಟ್ಟಿದ ಕಮಾನು ಆ ರಾತ್ರಿ ತನ್ನ ಕೆಲಸವನ್ನು ಮಾಡಿತು. ಮೂರು ಗುಲಾಬಿ ಕಿಟಕಿಗಳೂ ಉಳಿದವು. ಆಮೇಲೆ ಸುಮಾರು 2000 ಓಕ್ ಮರಗಳನ್ನು ತಂದು, ಬಡಗಿಗಳು ಹಿಂದಿನವರಂತೆ ಕೊಡಲಿ ಹಿಡಿದು ತೊಲೆಗಳನ್ನು ಕೆತ್ತಿದರು. 2024ರ ಡಿಸೆಂಬರಿನಲ್ಲಿ ದೇವಾಲಯದ ಬಾಗಿಲು ಮತ್ತೆ ತೆರೆಯಿತು.

ನೂರರ ಹೊಸ್ತಿಲಲ್ಲಿ ನಿಂತ ನಮಗೆ ಈ ಇತಿಹಾಸದಿಂದ ದೊರೆಯುವ ಬುದ್ಧಿವಾದ ಸರಳವಾದುದು. ಕಟ್ಟುವ ಮುನ್ನ ಬೋವೇಯನ್ನು ನೆನೆಯೋಣ. ಕೆಡಹುವ ಮುನ್ನ ಕ್ಲೂನಿಯನ್ನು ನೆನೆಯೋಣ. ಕೆಲಸ ನಿಧಾನವಾದಾಗ ಕೊಲೋನನ್ನು ನೆನೆಯೋಣ. ಹಣ ಕೂಡಿಸುವಾಗ ಸಂತ ಬರ್ನಾರ್ಡರ ಮಾತು ನಮ್ಮ ಕಿವಿಯಲ್ಲಿರಲಿ: ದೇವಾಲಯದ ನೆರಳಿನಲ್ಲಿರುವ ಬಡವನು ಹಸಿದಿರಬಾರದು. ಗೋಡೆಯನ್ನು ಒಡೆಯಬೇಕೆನಿಸಿದರೆ, ಆ ಗೋಡೆ ಯಾವ ಭಾರವನ್ನು ಹೊತ್ತಿದೆಯೆಂದು ಬಲ್ಲವರನ್ನು ಮೊದಲು ಕೇಳೋಣ. ಮಳೆಗಾಲಕ್ಕೆ ಮುನ್ನ ಮಾಡಿನ ದೋಣಿಗಳಿಂದ ತರಗೆಲೆಗಳನ್ನು ತೆಗೆಸುವುದು ಸಣ್ಣ ಸೇವೆಯಲ್ಲ. ಗಾರ್ಗಾಯಿಲ್ ಕೆತ್ತಿದ ಶಿಲ್ಪಿ ಅದನ್ನು ಸಣ್ಣದೆಂದು ಎಣಿಸಲಿಲ್ಲ. ಮನೆಯಲ್ಲಿರುವ ಹಳೆಯ ಚಿತ್ರಗಳನ್ನು, ಕಾಗದಪತ್ರಗಳನ್ನು, ನಕ್ಷೆಗಳನ್ನು ಜೋಪಾನಮಾಡಿ ವಿಚಾರಣಾ ಗುರುಗಳ ವಶಕ್ಕೆ ಕೊಡೋಣ. ಒಂದು ಚರ್ಮಪಟದ ನಕ್ಷೆ ಉಳಿದುಬಂದದ್ದರಿಂದ ಕೊಲೋನಿನ ಗೋಪುರಗಳು ಮೊದಲ ಶಿಲ್ಪಿಯ ಮನಸ್ಸಿನಂತೆ ಮೇಲೆದ್ದವು.

ನಾವು ಜೀವಂತ ಶಿಲೆಗಳಾಗಿ ಆಧ್ಯಾತ್ಮಿಕ ಮಂದಿರವಾಗಬೇಕೆಂದು ಪ್ರೇಷಿತ ಸಂತ ಪೇತ್ರರು ನಮಗೆ ಬೋಧಿಸಿದ್ದಾರೆ. ಹಿರಿಯರು ಕಟ್ಟಿದ ಕಲ್ಲಿನ ಆಲಯವನ್ನು ಶ್ರದ್ಧೆಯಿಂದ ಕಾಪಾಡಿಕೊಂಡು, ಒಬ್ಬರ ಭಾರಕ್ಕೆ ಇನ್ನೊಬ್ಬರು ಆನಿಕೆಯಾಗಿ ನಿಂತು, ಮುಂದಿನ ನೂರು ವರ್ಷಗಳ ಮಕ್ಕಳಿಗೆ ಅದನ್ನು ಒಪ್ಪಿಸಲು ಪ್ರಭು ಯೇಸುಕ್ರಿಸ್ತರು ಮಾತೆ ಮರಿಯಮ್ಮನವರ ಬಿನ್ನಹದ ಮೂಲಕ ನಮ್ಮೆಲ್ಲರಿಗೂ ಕೃಪೆಮಾಡಲೆಂದು ಪ್ರಾರ್ಥಿಸುತ್ತೇವೆ.